ಕಪ್ಪೆಮನೆಯ ದೊಡ್ಡ ಗಂಡು

ನಮ್ಮ ಭಾವನಿಗೆ ಹೆತ್ತವರು ಇಟ್ಟ ಹೆಸರು ಒಂದಿದೆ. ಅದು ಸಂಬಳದ ಚೀಟಿಯಲ್ಲಿ ಮಾತ್ರ ಬದುಕಿದೆ. ಕೆಲಸ ಮಾಡುವ ಮೃಗಾಲಯದಲ್ಲಿ, ಬೀದಿಯಲ್ಲಿ, ಕ್ಷೌರದಂಗಡಿಯಲ್ಲಿ ಎಲ್ಲರಿಗೂ ಅವರು ರೇಡಿಯೋ. ನಿಜವಾದ ರೇಡಿಯೋಗಾದರೂ ಒಂದು ಗುಂಡಿ ಇರುತ್ತದೆ, ತಿರುಗಿಸಿದರೆ ಸುಮ್ಮನಾಗುತ್ತದೆ. ಇವರಿಗೆ ಅದನ್ನು ಕೂರಿಸುವುದನ್ನು ಮೇಲಿನವನು ಮರೆತ. ಅವರನ್ನು ಕಟ್ಟಿಕೊಂಡಾಗಿನಿಂದ ನಮ್ಮ ಅಕ್ಕ ಆ ಗುಂಡಿ ಹುಡುಕಿ ಸೋತಿದ್ದಾಳೆ.

ಹಲ್ಲುಜ್ಜುವಾಗಲೂ ಮಾತಾಡುವ ಮನುಷ್ಯ. ನೊರೆ ಉಗುಳಿದ ಮೇಲೆ ಅದನ್ನೇ ಇನ್ನೊಮ್ಮೆ ಹೇಳುತ್ತಾರೆ, ಮೊದಲ ಸಲ ನಮಗೆ ತಿಳಿದಿರಲಿಕ್ಕಿಲ್ಲ ಅಂತ. ನಾನಿರುವುದು ಅದೇ ಮನೆಯ ಮಹಡಿಯ ಕೋಣೆಯಲ್ಲಿ; ಅದೇ ಮೃಗಾಲಯದಲ್ಲಿ ಪಂಪು, ಪೈಪು, ನಲ್ಲಿ ನೋಡಿಕೊಳ್ಳುವವನು. ನನಗೆ ಸಿಟ್ಟು ಸ್ವಲ್ಪ ಬೇಗ. ಒಂದೇ ಸೂರಿನಡಿ ಅವರ ಬಾಯಿ, ನನ್ನ ಸಿಟ್ಟು. ನಡುವೆ ಅಕ್ಕ, ಎರಡು ಬಂಡಿ ಎದುರಾದ ಕಿರುದಾರಿಯಲ್ಲಿ ನಿಂತವಳ ಹಾಗೆ.

ಭಾವ ಮೊದಲು ಇದ್ದದ್ದು ಗಿಳಿಗಳ ವಿಭಾಗದಲ್ಲಿ. ಕಾಳು ಹಾಕುತ್ತ, ಪಂಜರ ತೊಳೆಯುತ್ತ, ಗಿಳಿಗಳಿಗೆ ತಮ್ಮ ಕಷ್ಟಸುಖ ಹೇಳಿಕೊಳ್ಳುತ್ತಿದ್ದರು. ಕಷ್ಟ ಎಂದರೆ ನಮ್ಮ ಮೇಲಧಿಕಾರಿ. ಅವರು ಸದಾ ಟೋಪಿ ಹಾಕಿಕೊಂಡು ಓಡಾಡುವವರು. ಒಮ್ಮೆ ಅವರು ಯಾರೋ ದೊಡ್ಡ ಅತಿಥಿಗಳನ್ನು ಕರೆದುಕೊಂಡು ಬಂದು ಪಂಜರದ ಮುಂದೆ ನಿಂತಾಗ, ಎಲ್ಲಕ್ಕಿಂತ ಮುದಿ ಗಿಳಿ ತಲೆ ಓರೆ ಮಾಡಿ, ಥೇಟ್ ಭಾವನ ಧ್ವನಿಯಲ್ಲಿ, "ಈ ಮನುಷ್ಯನಿಗೆ ತಲೆ ಇರೋದು ಟೋಪಿ ಇಡೋಕೆ ಮಾತ್ರ" ಅಂದಿತು. ಅತಿಥಿಗಳಿಗೆ ಕೆಮ್ಮು ಬಂತು. ಮೇಲಧಿಕಾರಿ ಕಚೇರಿಗೆ ಹೋಗಿ ಕೊಟ್ಟ ಅಪ್ಪಣೆ ಒಂದೇ: "ಕಲಿತದ್ದನ್ನ ಹೊರಗೆ ಹೇಳದ ಪ್ರಾಣಿ ಯಾವುದಿದೆ ನೋಡಿ. ಇವನನ್ನ ಅಲ್ಲಿಗೆ ಹಾಕಿ."

ಹಾಗೆ ಭಾವ ಕಪ್ಪೆಮನೆಗೆ ಬಂದರು.

ಮೃಗಾಲಯಕ್ಕೆ ಬರುವ ಜನ ಈ ಮನೆಯನ್ನು ನೋಡಿಲ್ಲ. ಅದು ಹಿಂದುಗಡೆ, ಮೇವಿನ ಉಗ್ರಾಣದ ಪಕ್ಕ. ಒಂದು ಬಾಗಿಲು ದಾಟಿದರೆ ಸಣ್ಣ ಕೋಣೆ. ಅಲ್ಲಿ ಬೀದಿಯ ಚಪ್ಪಲಿ ಕಳಚಿ, ರಬ್ಬರ್ ಬೂಟು ಹಾಕಿ, ಅದನ್ನು ಔಷಧದ ನೀರಿನಲ್ಲಿ ಅದ್ದಬೇಕು. ಕಪ್ಪೆಯ ಚರ್ಮಕ್ಕೆ ಬೂಷ್ಟು ಹಿಡಿಯುವ ರೋಗವೊಂದಿದೆ, ಬಂದರೆ ಒಂದನ್ನೂ ಉಳಿಸುವುದಿಲ್ಲ. ಆಮೇಲೆ ಇನ್ನೊಂದು ಬಾಗಿಲು. ಒಳಗಿನ ಕೋಣೆಯನ್ನು ಗಾಜಿನ ಗೋಡೆ ಎರಡು ಮಾಡಿದೆ. ಈಚೆಗೆ ಮೇಜು, ಕುರ್ಚಿ, ನಾವು. ಆಚೆಗೆ ಕಲ್ಲು, ಪಾಚಿ, ಜರಿಗಿಡ, ತೊರೆ, ಕಪ್ಪೆಗಳು. ಗಾಜಿನ ಮೇಲ್ತುದಿಯಲ್ಲಿ ಗಾಳಿಗೆ ಜಾಲರಿ. ದೀಪಗಳನ್ನು ತಿರುವುಮುರುವು ಮಾಡಿದ್ದಾರೆ. ಹೊರಗೆ ಹಗಲಾದಾಗ ಒಳಗೆ ರಾತ್ರಿ. ಕಪ್ಪೆಯದೆಲ್ಲ ರಾತ್ರಿಯ ಸಂಸಾರವಲ್ಲವೇ, ನಮ್ಮ ಕೆಲಸದ ಹೊತ್ತಿಗೆ ಅವು ಎದ್ದಿರಲಿ ಅಂತ. ಒಂದು ಮಂಕು ಕೆಂಪು ದೀಪದಲ್ಲಿ ನಾವು ತಡಕಾಡಿಕೊಂಡು ಕೆಲಸ ಮಾಡಬೇಕು. ಚಾವಣಿಗೆ ಸಣ್ಣ ತೂತಿನ ಪೈಪುಗಳನ್ನು ಎಳೆದು ಮಳೆ ಸುರಿಯುವ ಹಾಗೆ ಮಾಡಿದವನು ನಾನು. ವಾಲ್ವು ತಿರುಗಿಸಿದರೆ ಸೋನೆ, ಇನ್ನಷ್ಟು ತಿರುಗಿಸಿದರೆ ಜಡಿಮಳೆ. ವರ್ಷಕ್ಕೊಮ್ಮೆ ಕೆಲವು ವಾರ ದಿನವೂ ಹೀಗೆ ಸುರಿಸುವುದಕ್ಕೆ ಮಳೆಯ ಸರದಿ ಅನ್ನುತ್ತಾರೆ.

ಕಪ್ಪೆಗಳು ಹೆಬ್ಬೆರಳಿನ ಉಗುರಿನಷ್ಟು. ಬೆನ್ನು ಒದ್ದೆ ತೊಗಟೆಯ ಬಣ್ಣ, ತೊಡೆಯ ಸಂದಿಯಲ್ಲಿ ಮಾತ್ರ ಹಳದಿ. ಇವು ಹುಟ್ಟಿದ ಬೆಟ್ಟದ ತೊರೆ ಈಗ ಅಣೆಕಟ್ಟಿನ ನೀರಿನಡಿ ಇದೆ. ಮುಳುಗುವ ಮೊದಲು ಹಿಡಿದು ತಂದ ಈ ಬೆರಳೆಣಿಕೆಯಷ್ಟನ್ನು ಬಿಟ್ಟರೆ ಬೇರೆಲ್ಲೂ ಯಾರ ಕಣ್ಣಿಗೂ ಬಿದ್ದಿಲ್ಲ. ತಂದಾಗ ಹೆಸರುಕಾಳಿನಷ್ಟಿದ್ದವು. ರೆಕ್ಕೆ ಬಲಿಯದ ನೊಣ, ಆಗಷ್ಟೇ ಹುಟ್ಟಿದ ಮಿಡತೆ ಮರಿ ಹುಡುಕಿ ಹುಡುಕಿ ಹಾಕಿ, ಕಾಲು ಬಲಿಸಿ, ಪ್ರಾಯಕ್ಕೆ ತಂದವರು ಭಾವ. ವಾರಕ್ಕೊಮ್ಮೆ ತೂಕ ನೋಡಬೇಕು. ಕಪ್ಪೆಯನ್ನು ತಕ್ಕಡಿಗೆ ಹಾಕಿದ ಹಾಗೆ ಅಂತ ಜನ ಗಾದೆಗೆ ಹೇಳುತ್ತಾರೆ. ನಮ್ಮ ಭಾವನಿಗೆ ಅದು ಕಸುಬು. ಒಂದನ್ನು ಹಿಡಿದರೆ ಇನ್ನೊಂದು ಅಂಗಿಯ ತೋಳೊಳಗೆ, ಅದನ್ನು ಹಿಡಿದರೆ ಮೊದಲನೆಯದು ಕನ್ನಡಕದ ಮೇಲೆ. ಅಷ್ಟಾದರೂ ಅವರ ಕೈಯಲ್ಲಿ ಒಂದಕ್ಕೂ ನೋವಾಗಿದ್ದನ್ನು ನಾನು ಕಂಡಿಲ್ಲ. ನನ್ನ ಕೈಗೆ ಕೊಟ್ಟಿದ್ದರೆ ಆ ತಕ್ಕಡಿಯನ್ನೇ ಕಿಟಕಿಯಿಂದ ಎಸೆದಿರುತ್ತಿದ್ದೆ.

ಕಪ್ಪೆಗಳ ಓದು ಓದಿದ ಡಾಕ್ಟರಮ್ಮ ಒಬ್ಬರಿದ್ದಾರೆ. ತೆಳ್ಳಗಿನ ಹೆಂಗಸು, ಟೀ ಮುಂದಿಟ್ಟುಕೊಂಡು ಕುಡಿಯುವುದನ್ನು ಮರೆಯುವವರು. ಯಾವ ಕಪ್ಪೆ ಎಲ್ಲಿ ಕೂರುತ್ತದೆ, ಎಲ್ಲಿ ಅವಿತುಕೊಳ್ಳುತ್ತದೆ ಅಂತ ನೋಡುವುದೇ ಅವರ ಕೆಲಸ. ಬೇರೆ ದೇಶದ ಪುಸ್ತಕ ನೋಡಿ, ಕಲ್ಲಿನ ಮೇಲೆ ಕಲ್ಲಿಟ್ಟು ಚೆಂದದ ಜಲಪಾತವೊಂದನ್ನು ನನ್ನಿಂದ ಕಟ್ಟಿಸಿದ್ದರು. ಕಟ್ಟಿ ಕಟ್ಟಿ ನನ್ನ ಸೊಂಟ ಬಿದ್ದುಹೋಯಿತು. ಒಂದು ಕಪ್ಪೆಯಾದರೂ ಅದರ ಹತ್ತಿರ ಸುಳಿಯಲಿಲ್ಲ. ಎಲ್ಲವೂ ಪಂಪಿನ ಹಿಂದಿನ ಸಂದಿಯಲ್ಲಿ, ಚರಂಡಿ ಮುಚ್ಚಳದ ಅಡಿಯಲ್ಲಿ.

"ಅರಮನೆ ಕಟ್ಟಿಸಿಕೊಟ್ರೂ ಮೋರಿಯೇ ಬೇಕು ಇವಕ್ಕೆ" ಅಂದೆ ನಾನು.

"ಅವು ಪಂಪಿನ ನಡುಕಕ್ಕೆ ಹೋಗ್ತಾವೆ ಅನ್ಸುತ್ತೆ, ತೊರೆ ನೀರಿನ ಹಾಗೆ" ಅಂದರು ಡಾಕ್ಟರಮ್ಮ.

"ನನ್ನ ಸೊಂಟದ ನಡುಕಕ್ಕೆ ಯಾರು ಹೋಗ್ತಾರೆ ಮೇಡಂ?"

ಜಲಪಾತ ಹಾಗಿರಲಿ. ದೊಡ್ಡ ಕೊರತೆ ಬೇರೆಯೇ ಇತ್ತು. ಪ್ರಾಯಕ್ಕೆ ಬಂದ ಮೇಲಿನ ಮೊದಲ ಮಳೆ ಶುರುವಾದರೂ ಗಂಡುಗಳು ಕೂಗಲಿಲ್ಲ. ಗಂಡು ಕೂಗದೆ ಹೆಣ್ಣು ಮೊಟ್ಟೆ ಇಡುವುದಿಲ್ಲ. ತೊರೆ ಮುಳುಗುವ ಮೊದಲು ಯಾರೋ ಹಿಡಿದಿಟ್ಟಿದ್ದ ಕೂಗಿನ ಹಳೆಯ ಧ್ವನಿಮುದ್ರಣ ಒಂದಿತ್ತು, ಗೊರಗೊರ ಎನ್ನುವುದೇ ಹೆಚ್ಚು. ಅದನ್ನು ಹಾಕಿದರೆ ಕಪ್ಪೆಗಳು ತಿರುಗಿಯೂ ನೋಡಲಿಲ್ಲ. ಆಗ ಗಾಜಿನ ಆಚೆ ಹುಳ ಹಾಕುತ್ತಿದ್ದ ಭಾವ, "ಇದೇನು ಮಹಾ" ಅಂದು, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಗಂಟಲು ಉಬ್ಬಿಸಿ, ಕೂಗಿಯೇಬಿಟ್ಟರು. ಟಕ್, ಟಕ್, ಕಿರ್ರ್. ಒದ್ದೆ ಬೆರಳಿನಿಂದ ಸ್ಟೀಲ್ ತಟ್ಟೆ ಉಜ್ಜಿದ ಹಾಗೆ.

ಪಂಪಿನ ಹಿಂದಿನಿಂದ ಗಂಡುಗಳು ಒಂದೊಂದಾಗಿ ಹೊರಬಂದವು. ಕುಪ್ಪಳಿಸಿಕೊಂಡು ಬಂದು ಭಾವನ ಬೂಟಿನ ಸುತ್ತ ಕೂತವು.

ಡಾಕ್ಟರಮ್ಮನ ಕಣ್ಣಲ್ಲಿ ನೀರು. "ಅಣ್ಣಾ, ಇನ್ನೊಂದ್ಸಲ ಕೂಗಿ" ಅಂದರು. ಆ ಗಳಿಗೆಯಲ್ಲಿ ನಮ್ಮ ಮನೆಯ ನೆಮ್ಮದಿ ಮುಗಿಯಿತು.

ಭಾವ ಸ್ನಾನದ ಮನೆಯಲ್ಲಿ ಅಭ್ಯಾಸ ಶುರು ಮಾಡಿದರು, ಅಲ್ಲಿ ಧ್ವನಿ ಗುಂಯ್ ಅನ್ನುತ್ತದೆ ಅಂತ. ಊಟದ ನಡುವೆ ಟಕ್ ಟಕ್. ಬಸ್ಸಿನಲ್ಲಿ ಕಿರ್ರ್. ಪಕ್ಕದ ಮನೆಯವನು ನನ್ನನ್ನು ತಡೆದು, "ನಿಮ್ಮ ನೀರಿನ ಮೋಟಾರು ಕೆಟ್ಟಿದೆ, ರಿಪೇರಿ ಮಾಡೋನೇ ಮನೇಲಿದ್ದೂ ಹೀಗಾದ್ರೆ ಹೇಗೆ?" ಅಂದ. ಕೆಟ್ಟಿರುವುದು ಮೋಟಾರಲ್ಲ, ನಮ್ಮ ಭಾವ ಅಂತ ಹೇಳಲು ನಾಚಿಕೆಯಾಗಿ ಅವನ ಜೊತೆ ಜಗಳವಾಡಿದೆ.

"ರೀ, ಒಂದು ದಿನ ಮನುಷ್ಯರ ಹಾಗೆ ಇರಿ" ಅಂದಳು ಅಕ್ಕ.

"ನನ್ನ ಕೂಗಿಗೆ ಅವು ಓಡಿ ಬರ್ತಾವೆ ಗೊತ್ತಾ?"

"ಬರ್ತಾವೆ, ಸರಿ. ಬಂದು ಏನು ಮಾಡ್ತಾವೆ?"

ಭಾವ ಬೇರೆ ಮಾತು ತೆಗೆದರು. ಯಾಕೆಂದರೆ ಬಂದವು ಏನೂ ಮಾಡುತ್ತಿರಲಿಲ್ಲ. ಭಾವ ಗಂಟೆಗಟ್ಟಲೆ ಕೂಗಬೇಕು, ಗಂಡುಗಳು ಸುತ್ತ ಸಭೆ ಕೂತ ಹಾಗೆ ಕೂತು ಕೇಳಬೇಕು. ಒಂದೂ ಬಾಯಿ ಬಿಡುತ್ತಿರಲಿಲ್ಲ. ಆಗಾಗ ಹೊಟ್ಟೆ ತುಂಬ ಮೊಟ್ಟೆ ಹೊತ್ತ ಹೆಣ್ಣೊಂದು ಬಂದು, ಬೂಟಿನ ಮೇಲೆ ಹತ್ತಿ, ಭಾವನ ಮುಖವನ್ನು ಕೆಳಗಿನಿಂದ ಮೇಲಕ್ಕೆ ನೋಡಿ, ಇಳಿದು ಹೋಗುತ್ತಿತ್ತು.

"ನಾಚಿಕೆ ಅವಕ್ಕೆ" ಅನ್ನುತ್ತಿದ್ದರು ಭಾವ.

"ನಿಮ್ಮ ಮುಖ ನೋಡಿದ್ಮೇಲೆ ಅದಕ್ಕೆ ಸಂಸಾರವೇ ಬೇಡ ಅನ್ಸಿದೆ" ಅನ್ನುತ್ತಿದ್ದೆ ನಾನು.

ಹೀಗೆ ಎರಡು ವರ್ಷ ಕಳೆದ ಮೇಲೆ ಮೇಲಧಿಕಾರಿ ಒಂದು ದಿನ ಟೋಪಿ ಸರಿಮಾಡಿಕೊಳ್ಳುತ್ತ ಬಂದರು. ಈ ಸಲದ ಮಳೆಯ ಸರದಿ ಮುಗಿಯುವುದರೊಳಗೆ ಮೊಟ್ಟೆ ಕಾಣದಿದ್ದರೆ ಕಪ್ಪೆಗಳನ್ನೆಲ್ಲ ಡಬ್ಬಿಗೆ ತುಂಬಿ ಬೇರೆ ಊರಿನ ದೊಡ್ಡ ಕೇಂದ್ರಕ್ಕೆ ಕಳಿಸುತ್ತೇವೆ, ಈ ಮನೆಯನ್ನು ಮೇವಿನ ಉಗ್ರಾಣಕ್ಕೆ ಸೇರಿಸುತ್ತೇವೆ ಅಂದರು. ಭಾವನ ಕಡೆ ತಿರುಗಿ, "ನಿನಗೆ ಟಿಕೆಟ್ ಗೇಟು. ಬರೋ ಜನ ಎಲ್ಲ ನಿನ್ನ ಮಾತು ಕೇಳಲಿ" ಅಂದು ಹೋದರು.

ಅವತ್ತು ಬಸ್ಸಿನಲ್ಲಿ ಭಾವ ಕಿಟಕಿಯ ಪಕ್ಕ ಕೂತರು. ಆಮೇಲೆ ತಮ್ಮ ಅಂಗೈ ನೋಡಿಕೊಂಡು, "ಬೇರೆಯವರು ಚೆನ್ನಾಗೇ ನೋಡ್ಕೋತಾರೆ, ಇಲ್ಲ ಅನ್ನಲ್ಲ. ಆದ್ರೆ ಆ ಮೂಲೆಯಲ್ಲಿ ಕೂರೋದಕ್ಕೆ ಒಂದು ಕಣ್ಣು ಮಂಜು, ಎಡಗಡೆ ಹುಳ ಇಟ್ರೆ ಕಾಣಲ್ಲ. ಅವರಿಗೆ ಯಾರು ಹೇಳ್ಬೇಕು?" ಅಂದರು.

"ನೀವೇ ಹೇಳಿ. ನಿಮಗೇನು ಬಾಯಿ ಇಲ್ವಾ?" ಅಂದೆ. ಅಂದ ಮೇಲೆ ಅನ್ನಬಾರದಿತ್ತು ಅನ್ನಿಸಿತು.

ಮಳೆಯ ಸರದಿ ಶುರುವಾಯಿತು. ಬೆಳಿಗ್ಗೆ ನಾನು ವಾಲ್ವು ತಿರುಗಿಸಬೇಕು, ಭಾವ ಗಾಜಿನ ಆಚೆ ನೀರಿನ ಅಂಚಿನಲ್ಲಿ ಕೂತು ನೆನೆಯುತ್ತ ಕೂಗಬೇಕು. ಮಳೆಯಂಗಿ ಹಾಕಿಕೊಳ್ಳಿ ಅಂದರೆ, ಅದರ ಸರಬರ ಸದ್ದಿಗೆ ಕಪ್ಪೆ ಹೆದರುತ್ತದೆ ಅಂದರು. ಎರಡು ವರ್ಷದ ಕೂಗಿಗೆ ಬಗ್ಗದವು ಈಗ ಬಗ್ಗುತ್ತವೆಯೇ? ಭಾವ ಇನ್ನೂ ಜೋರಾಗಿ ಕೂಗಿದರು. ಗಂಡುಗಳು ಇನ್ನೂ ಹತ್ತಿರ ಬಂದು ಕೂತವು. ವಾರ ಕಳೆಯುವಷ್ಟರಲ್ಲಿ ಭಾವನಿಗೆ ಶೀತ, ಶೀತದ ಮೇಲೆ ಕೆಮ್ಮು, ಒಂದು ಬೆಳಿಗ್ಗೆ ಎದ್ದು ಬಾಯಿ ತೆಗೆದರೆ ಗಾಳಿ ಮಾತ್ರ ಬಂತು. ಗಂಟಲು ನೋಡಿದ ವೈದ್ಯರು, ಪಿಸುಮಾತೂ ಆಡಕೂಡದು, ಆಡಿದರೆ ಇರುವ ಧ್ವನಿಯೂ ಹೋಗುತ್ತದೆ ಅಂತ ಹೆದರಿಸಿ ಕಳಿಸಿದರು.

ಮೊದಲ ದಿನ ಅಕ್ಕ, ಜನ್ಮದಲ್ಲಿ ಮೊದಲ ಸಲ ಗಡಿಯಾರದ ಸದ್ದು ಕೇಳಿದೆ ಅಂದಳು. ಮರುದಿನ, "ಮನೆ ಬಿಕೋ ಅನ್ನುತ್ತೆ ಕಣೋ" ಅಂದಳು. ಅದರ ಮರುದಿನ ಭಾವನ ಎದುರು ಕೂತು, "ರೀ, ಬೈಯೋದಾದ್ರೂ ಬೈರಿ, ಹೀಗೆ ಗೂಬೆ ಹಾಗೆ ನೋಡ್ಬೇಡಿ" ಅಂತ ತಾನೇ ಬೈದಳು. ಭಾವ ಚಮಚದಿಂದ ತಟ್ಟೆಗೆ ಎರಡು ಸಲ ಬಡಿದರು. ಅದರರ್ಥ ಇನ್ನಷ್ಟು ಅನ್ನ ಅಂತಲೋ, ಬಾಯಿ ಮುಚ್ಚು ಅಂತಲೋ ಇವತ್ತಿಗೂ ತೀರ್ಮಾನವಾಗಿಲ್ಲ.

ಭಾವ ಕೆಲಸ ಮಾತ್ರ ತಪ್ಪಿಸಲಿಲ್ಲ. ಒಂದು ದಿನ ಗಾಜಿನ ಈಚೆಗೆ ನಿಂತು ಕೈ ಆಡಿಸಿ ನನಗೇನೋ ಹೇಳಿದರು. ಮಳೆ ಕಡಿಮೆ ಮಾಡು ಅಂತ ಅವರ ಲೆಕ್ಕ. ನನ್ನ ಲೆಕ್ಕದಲ್ಲಿ ಅದು ಹೆಚ್ಚು ಮಾಡು ಅಂತ. ಕೈಯಳತೆಯಲ್ಲಿದ್ದ ವಾಲ್ವನ್ನು ಪೂರ್ತಿ ತಿರುಗಿಸಿದೆ. ಒಳಗೆ ಪೈಪು ನೋಡುತ್ತಿದ್ದ ನನ್ನ ತಲೆಯ ಮೇಲೇ ಜಡಿಮಳೆ. ಒದ್ದೆ ಬೆಕ್ಕಿನ ಹಾಗೆ ಹೊರಗೆ ಬಂದು, ಮನೆಯಲ್ಲಿ ಆಡಲಾಗದ್ದನ್ನೆಲ್ಲ ಅಲ್ಲಿ ಆಡಿದೆ. ಜಗಳಕ್ಕೆ ಎದುರುತ್ತರವಿಲ್ಲದಿದ್ದರೆ ಸಿಟ್ಟು ಬೇಗ ಖಾಲಿಯಾಗುತ್ತದೆ ಅಂತ ಆಗಲೇ ನನಗೆ ಗೊತ್ತಾದದ್ದು. ಉಸಿರು ತೆಗೆದುಕೊಳ್ಳಲು ನಿಂತೆ.

ಟಕ್, ಟಕ್, ಕಿರ್ರ್.

"ಗಂಟಲು ನೋಡಿದ ಡಾಕ್ಟ್ರು ಬಾಯಿ ಬಿಡ್ಬೇಡಿ ಅಂದಿಲ್ವಾ? ಅವರ ಮಾತಿಗೆ ಬೆಲೆ ಇಲ್ವಾ ನಿಮ್ಮ ಹತ್ರ?" ಅಂತ ಭಾವನ ಮೇಲೆ ಹರಿಹಾಯ್ದೆ.

ಭಾವ ಎರಡು ಬೆರಳಿನಲ್ಲಿ ತಮ್ಮ ತುಟಿ ಹಿಡಿದು ತೋರಿಸಿದರು. ತುಟಿ ಮುಚ್ಚಿತ್ತು. ಕಿರ್ರ್ ಇನ್ನೊಮ್ಮೆ ಕೇಳಿಸಿತು, ಪಂಪಿನ ಹಿಂದಿನಿಂದ. ಚರಂಡಿಯ ಕಡೆಯಿಂದ ಮತ್ತೊಂದು ಅದಕ್ಕೆ ಉತ್ತರ ಕೊಟ್ಟಿತು. ಡಾಕ್ಟರಮ್ಮ ಕೈಯಲ್ಲಿದ್ದ ಟೀಯನ್ನು ಹಾಗೇ ಮೇಜಿನ ಮೇಲೆ ಚೆಲ್ಲಿಕೊಂಡು ಎದ್ದು ನಿಂತರು. ಪಾಚಿಯ ಮೇಲೆ ಪುಟ್ಟ ಗಂಡೊಂದು ಗಂಟಲ ಚೀಲವನ್ನು ಬಟಾಣಿಯ ಹಾಗೆ ಉಬ್ಬಿಸಿ ಕೂತಿತ್ತು.

ಡಾಕ್ಟರಮ್ಮ ಗಾಜಿಗೆ ಮುಖವಿಟ್ಟು ನೋಡಿದರು. ಕುರ್ಚಿಯಲ್ಲಿ ಕೂತು ಹಣೆ ಒತ್ತಿಕೊಂಡರು.

"ತಪ್ಪು ನಂದೇ ಅಣ್ಣಾ" ಅಂದರು. "ಕಪ್ಪೆಗಳಲ್ಲಿ ಹೀಗಿದೆ. ದೊಡ್ಡ ಗಂಡು ಒಂದು ಜಾಗ ಹಿಡಿದು ಕೂಗ್ತಾ ಇದ್ರೆ ಚಿಕ್ಕವು ಕೂಗಲ್ಲ. ಅದರ ಪಕ್ಕ ಬಂದು ಸುಮ್ನೆ ಕೂರ್ತಾವೆ. ಅದನ್ನ ಹುಡುಕ್ಕೊಂಡು ಬರೋ ಹೆಣ್ಣನ್ನ ನಡುದಾರೀಲಿ ಹಿಡ್ಕೊಳ್ಳೋಣ ಅಂತ."

"ಇಲ್ಲಿ ದೊಡ್ಡ ಗಂಡು ಯಾವುದು?" ಅಂದೆ ನಾನು.

ಡಾಕ್ಟರಮ್ಮ ಭಾವನ ಕಡೆ ನೋಡಿದರು.

ನನಗೆ ನಗು ತಡೆಯಲಾಗಲಿಲ್ಲ. ಎರಡು ವರ್ಷ ಆ ಬಡಪಾಯಿಗಳು ಭಾವನ ಬೂಟಿನ ಪಕ್ಕ ಕೂತು, ಈ ದೈತ್ಯನ ಹೆಂಡಿರು ಬರಲಿ ಅಂತ ಕಾದಿವೆ. ಬಂದ ಹೆಣ್ಣುಗಳೂ ಮದುಮಗ ಇವನೇ ಅಂತ ಬೂಟು ಹತ್ತಿ ನೋಡಿ, ಯಾಕೋ ಸರಿಹೋಗುವುದಿಲ್ಲ ಅಂತ ವಾಪಸು ಹೋಗಿವೆ. ಮನೆಗೆ ಬಂದು ಹೇಳಿದರೆ ಅಕ್ಕ ಗೋಡೆ ಹಿಡಿದುಕೊಂಡು ನಕ್ಕಳು. "ಅಷ್ಟು ಹೆಣ್ಣು ಬಂದು ನೋಡಿ ಬೇಡ ಅಂದ್ವಾ? ಕಪ್ಪೆಗಿರೋ ಬುದ್ಧಿ ನನಗೆ ಅವತ್ತು ಇರ್ಲಿಲ್ಲ ನೋಡು."

ಭಾವ ನಗಲಿಲ್ಲ. ಹೋಗಿ ಹಿತ್ತಿಲ ಮೆಟ್ಟಿಲ ಮೇಲೆ ಕೂತರು. ಸಮಾಧಾನ ಹೇಳುವುದು ನನಗೆ ಬಾರದ ಕಸುಬು. ಪಕ್ಕದಲ್ಲಿ ಕೂತು, "ಹೋಗ್ಲಿ ಬಿಡಿ ಭಾವ, ಊರಿಗೆ ದೊಡ್ಡ ಗಂಡು ಅನ್ನಿಸ್ಕೊಳ್ಳೋಕೆ ಜನ ಏನೇನೋ ಮಾಡ್ತಾರೆ. ನೀವು ಬರೀ ಬಾಯಲ್ಲೇ ಆದ್ರಿ" ಅಂದೆ. ಅವರ ಭುಜ ಅಲುಗಿತು. ನಕ್ಕರೋ ಅತ್ತರೋ ನಾನು ತಿರುಗಿ ನೋಡಲಿಲ್ಲ.

ನಾಲ್ಕಾರು ದಿನಕ್ಕೆ ಗಂಟಲು ತೆರೆಯಿತು. ಆದರೆ ಮೊಟ್ಟೆ ಇನ್ನೂ ಬಿದ್ದಿರಲಿಲ್ಲ. ಗಂಡುಗಳು ಈಗಷ್ಟೇ ಕೂಗು ಕಲಿತು, ಒಂದು ಪಂಪಿನ ಹಿಂದೆ, ಒಂದು ಚರಂಡಿಯ ಬಳಿ, ಒಂದು ಗಾಜಿನ ಬುಡದಲ್ಲಿ ಅಂತ ಜಾಗ ಹಂಚಿಕೊಂಡಿದ್ದವು. "ನಿಮ್ಮ ಮಾಮೂಲಿ ಮಾತು ಕೇಳಿದ್ರೂ ಅವಕ್ಕೆ ಗುರುತು ಸಿಗಬಹುದು ಅಣ್ಣಾ" ಅಂದರು ಡಾಕ್ಟರಮ್ಮ, ಅಳುಕುತ್ತ. "ಸ್ವಲ್ಪ ದಿನ ನೀವು ಬರದಿದ್ರೂ..."

ಭಾವ ಬೇಡ ಅಂತ ತಲೆಯಾಡಿಸಿದರು. ಹುಳ ಹಾಕುವವರು ಯಾರು, ಮಂಜುಗಣ್ಣಿನದನ್ನು ನೋಡುವವರು ಯಾರು? ಬರುತ್ತೇನೆ, ಬಾಯಿ ತೆಗೆಯುವುದಿಲ್ಲ ಅಂತ ಕೈಯಲ್ಲೇ ಹೇಳಿದರು. ನಾನು ನಂಬಲಿಲ್ಲ. ಉಗ್ರಾಣದವರು ಪಂದ್ಯ ಕಟ್ಟಿದರು, ಮಧ್ಯಾಹ್ನದ ಊಟದವರೆಗೂ ತಡೆಯುವುದಿಲ್ಲ ಅಂತ. ತಡೆದರು. ಔಷಧದ ನೀರಿಗೆ ಬೂಟು ಅದ್ದಿದ ಗಳಿಗೆಯಿಂದ ತುಟಿ ಹೊಲಿದ ಹಾಗೆ. ಸಂಜೆ ಮನೆಗೆ ಬಂದ ಮೇಲೆ ಮಾತ್ರ ಕಟ್ಟೆ ಒಡೆಯುತ್ತಿತ್ತು. ದಿನವಿಡೀ ಉಳಿಸಿದ್ದನ್ನೆಲ್ಲ ಅಕ್ಕನ ಮೇಲೆ ಸುರಿಯುತ್ತಿದ್ದರು. ಅವಳು ಕಿವಿಗೆ ಹತ್ತಿ ಇಟ್ಟುಕೊಂಡು, ನಗುನಗುತ್ತಲೇ ಹ್ಞೂಂಗುಟ್ಟುತ್ತಿದ್ದಳು.

ಸರದಿಯ ಕೊನೆಯ ದಿನ ಮೇಲಧಿಕಾರಿ ಬಂದರು. ಡಬ್ಬಿಗಳನ್ನೂ ತಂದು ಅಂಗಳದಲ್ಲಿ ಇಡಿಸಿದ್ದರು, ಮುಚ್ಚಳಕ್ಕೆ ಗಾಳಿಯ ತೂತು ಕೊರೆಸಿ. ಗಾಜಿನ ಈಚೆ ಡಾಕ್ಟರಮ್ಮ, ಭಾವ, ನಾನು. ಗಾಜಿನ ಬುಡದ ಗಂಡು ಕೂಗುತ್ತಿತ್ತು. ಹೆಣ್ಣೊಂದು ಅದರತ್ತ ಹೋಗುತ್ತಿತ್ತು, ಒಂದು ಹೆಜ್ಜೆ ಇಟ್ಟು ಯೋಚನೆ, ಇನ್ನೊಂದು ಇಟ್ಟು ಯೋಚನೆ. ನಾವು ಮೂವರೂ ಉಸಿರು ಬಿಗಿಹಿಡಿದಿದ್ದೆವು.

"ಎಲ್ಲಿ ಮೊಟ್ಟೆ?" ಅಂದರು ಮೇಲಧಿಕಾರಿ, ಮೈದಾನದಲ್ಲಿ ನಿಂತವರ ಧ್ವನಿಯಲ್ಲಿ.

ಕೂಗು ನಿಂತಿತು. ಭಾವ ತುಟಿಯ ಮೇಲೆ ಬೆರಳಿಟ್ಟು ಅವರ ಕಡೆ ನೋಡಿದರು.

"ನನಗೇ ಸುಮ್ಮನಿರು ಅಂತೀಯಾ? ಗಿಳಿ ಕೈಲಿ ಬೈಸಿದವನು ನೀನು. ಈ ಬಡ ಪ್ರಾಣಿಗಳ ಎರಡು ವರ್ಷವನ್ನ ನಿನ್ನ ಬಾಯಿ ತಿಂದುಹಾಕ್ತಂತೆ, ಕೇಳಿದೆ. ಪ್ರಾಣಿ ಸಾಕೋ ಯೋಗ್ಯತೆ ನಿನಗೆಲ್ಲಿದೆಯಯ್ಯಾ?"

ಭಾವನ ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದಿತು. ಅವರ ಬಾಯಲ್ಲಿ ಉತ್ತರ ಇತ್ತು. ಎರಡು ಕೆನ್ನೆಯೂ ಅದರಿಂದ ಊದಿದ್ದವು. ನನ್ನ ರಕ್ತವೂ ಕುದಿಯಿತು. ಟೋಪಿಯವರಿಗೆ ನಾಲ್ಕು ಮಾತು ಹೇಳಿಯೇಬಿಡೋಣ ಅಂತ ಬಾಯಿ ತೆಗೆದೆ. ತೆಗೆದ ಬಾಯಿಯ ಮೇಲೆ ಭಾವನ ಅಂಗೈ ಬಂದು ಕೂತಿತು, ಮಿಡತೆಯ ವಾಸನೆಯ ಸಮೇತ. ಇನ್ನೊಂದು ಕೈಯಲ್ಲಿ ತಮ್ಮ ಬಾಯನ್ನೇ ಮುಚ್ಚಿಕೊಂಡಿದ್ದರು. ಹಾಗೆ ಎರಡು ಬಾಯಿ ಹಿಡಿದು ನಿಂತ ಆಳನ್ನು ಕಂಡು ಮೇಲಧಿಕಾರಿಗೆ ಮುಂದಿನ ಬೈಗುಳ ಮರೆತುಹೋಯಿತು. ಕೋಣೆ ನಿಶ್ಶಬ್ದವಾಯಿತು.

ಆ ನಿಶ್ಶಬ್ದದಲ್ಲಿ ಗಂಡು ಮತ್ತೆ ಶುರು ಮಾಡಿತು. ಟಕ್, ಟಕ್. ಹೆಣ್ಣಿನ ಯೋಚನೆ ಮುಗಿದಿತ್ತು. ಗಂಡು ಅದರ ಬೆನ್ನೇರಿತು. ಆ ಭಾರ ಹೊತ್ತುಕೊಂಡೇ ಅದು ಗಾಜನ್ನು ಹತ್ತಿತು, ಬೆರಳಿನ ಗುಂಡಿಗಳನ್ನು ಒಂದೊಂದಾಗಿ ಅಂಟಿಸುತ್ತ. ಜಲಪಾತವಿಲ್ಲ, ಜರಿಗಿಡವಿಲ್ಲ, ಸರಿಯಾಗಿ ಮೇಲಧಿಕಾರಿಯ ಅಂಗಿಯ ಗುಂಡಿಯ ಎದುರಿಗೆ, ನೀರಿನ ಮೇಲಿನ ಒದ್ದೆ ಗಾಜಿನ ಮೇಲೆ ನಿಂತು, ಮುತ್ತಿನಂಥ ಒಂದು ಮೊಟ್ಟೆ ಇಟ್ಟಿತು. ಆಮೇಲೆ ಇನ್ನೊಂದು. ಸಬ್ಬಕ್ಕಿಯನ್ನು ಬೇಯಿಸಿ ಅಂಟಿಸಿದ ಹಾಗೆ ಸಾಲು ಬೆಳೆಯಿತು. ಪ್ರತಿಯೊಂದರ ನಡುವೆಯೂ ಸಾಸಿವೆಯಂಥ ಕಪ್ಪು ಚುಕ್ಕೆ. ಮೇಲಧಿಕಾರಿ ತಮಗೇ ಗೊತ್ತಿಲ್ಲದೆ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಬಗ್ಗಿ ನೋಡುತ್ತಿದ್ದರು. ಡಾಕ್ಟರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು, ಅದೂ ಸದ್ದಿಲ್ಲದೆ.

ಹೆಣ್ಣು ಇಳಿದು ಹೋದ ಮೇಲೆ ಎಲ್ಲರೂ ಬೆಕ್ಕಿನ ಹೆಜ್ಜೆಯಲ್ಲಿ ಹೊರಗೆ ಬಂದೆವು. ಅಂಗಳದ ಬಿಸಿಲಿಗೆ ಕಣ್ಣು ಕುಕ್ಕಿತು. ಮೇಲಧಿಕಾರಿ ಡಬ್ಬಿಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಗಂಟಲು ಸರಿಮಾಡಿಕೊಂಡು, ಅದೇ ಮೈದಾನದ ಧ್ವನಿಯಲ್ಲಿ, "ಸರಿ. ಇವು ಎಲ್ಲಿಗೂ ಹೋಗಲ್ಲ. ನೀನೂ ಎಲ್ಲಿಗೂ ಹೋಗಲ್ಲ. ಒಳಗೆ ನಿನ್ನ ಬಾಯಿ ತುಂಬ ಏನೋ ಇತ್ತಲ್ಲ, ಈಗ ಹೇಳಯ್ಯಾ, ಕೇಳ್ತೀನಿ" ಅಂದರು.

ನಾನು ಕಿವಿ ನಿಮಿರಿಸಿ ನಿಂತೆ. ಇಂಥ ಅಪ್ಪಣೆ ಭಾವನಿಗೆ ಜನ್ಮದಲ್ಲಿ ಯಾರೂ ಕೊಟ್ಟಿರಲಿಲ್ಲ. ಭಾವ ಒಮ್ಮೆ ಕೆಮ್ಮಿದರು, ಹಿಂದೆ ತಿರುಗಿ ನೋಡಿದರು.

"ಸ್ವಲ್ಪ ಮೆಲ್ಲಗೆ ಸಾರ್" ಅಂದರು. "ಬಾಗಿಲು ತೆಗೆದಿದೆ."

ಮೇಲಧಿಕಾರಿ ತಾವೇ ಹೋಗಿ, ಎರಡು ಕೈಯಲ್ಲಿ ಹಿಡಿದು, ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿ ಬಂದರು.